ಫ್ಯಾನ್ ಕಂಪನಿಯ ದುಡ್ಡು ಊರಿಗೆ ಎಷ್ಟು, ಯಾವಾಗ?

ಗಾಳಿಯಿಂದ ಕರೆಂಟ್ ಮಾಡುವ ಫ್ಯಾನ್ ಕಂಪನಿಗಳು ಊರಿಗೆ ಎರಡು ಪರ್ಸೆಂಟ್ ಕೊಡಬೇಕು ಅನ್ನೋ ಸುದ್ದಿ ನಮ್ಮ ಚಿತ್ರದುರ್ಗ ಜಿಲ್ಲೆಯ ಹಳ್ಳಿಹಳ್ಳಿಗೂ ತಲುಪಿದೆ. ಯಾವುದರ ಎರಡು ಪರ್ಸೆಂಟ್ ಅನ್ನೋದು ಮಾತ್ರ ತಲುಪಿಲ್ಲ. ಹೊಸದುರ್ಗ, ಹೊಳಲ್ಕೆರೆ, ಆ ಕಡೆ ಜಗಳೂರಿನವರು ಲೆಕ್ಕಪತ್ರದ ಕೆಲಸಕ್ಕೆ ಬಂದಾಗಲೆಲ್ಲ ಇದೇ ಕೇಳುತ್ತಾರೆ: "ಆಡಿಟರ್ ಸಾರ್, ಗುಡ್ಡದ ತುಂಬಾ ಫ್ಯಾನ್ ತಿರುಗ್ತವೆ. ಕೋಟಿಗಟ್ಲೆ ದುಡೀತಾರೆ. ನಮ್ಮ ಪಾಲು ಎಲ್ಲಿ?"

ಕೇಳೋದು ನ್ಯಾಯವೇ. ಆದರೆ ಲೆಕ್ಕ ಬೇರೆ ಥರ ಇದೆ.

2013ರ ಕಂಪನಿ ಕಾಯ್ದೆಯ 135ನೇ ಕಲಂ 2014ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಸಿಎಸ್‌ಆರ್, ಅಂದರೆ ಕಂಪನಿಗಳ ಸಾಮಾಜಿಕ ಹೊಣೆ, ಅನ್ನೋದು ಇದನ್ನೇ. ಕಂಪನಿಯ ನಿವ್ವಳ ಲಾಭ 5 ಕೋಟಿ ಮುಟ್ಟಿರಬೇಕು, ಇಲ್ಲವೇ ವಹಿವಾಟು 1,000 ಕೋಟಿ, ಇಲ್ಲವೇ ನಿವ್ವಳ ಆಸ್ತಿ 500 ಕೋಟಿ. ಇವುಗಳಲ್ಲಿ ಒಂದು ಇದ್ದರೂ, ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2 ಪರ್ಸೆಂಟನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಲಾಭದಲ್ಲಿ, ಆದಾಯದಲ್ಲಿ ಅಲ್ಲ. ಇಡೀ ಗೊಂದಲ ಇರೋದು ಇಲ್ಲೇ.

ಒಂದು ಲೆಕ್ಕ ಹಾಕೋಣ. 50 ಮೆಗಾವ್ಯಾಟ್ ಸ್ಥಾವರ ಅಂತ ಇಟ್ಕೊಳ್ಳಿ, ಎರಡು ಮೆಗಾವ್ಯಾಟ್‌ನ 25 ಫ್ಯಾನ್. ನಮ್ಮ ಕಡೆಯ ಗಾಳಿಗೆ ವರ್ಷಕ್ಕೆ ಸುಮಾರು 12 ಕೋಟಿ ಯೂನಿಟ್ ಬರಬಹುದು. ಯೂನಿಟ್‌ಗೆ ಮೂರೂವರೆ ರೂಪಾಯಿ ಹಿಡಿದರೆ 42 ಕೋಟಿ ಆದಾಯ. ಊರಿನವರ ಮನಸ್ಸಿನಲ್ಲಿರೋ ಎರಡು ಪರ್ಸೆಂಟ್ ಇದರದ್ದು, ಅಂದರೆ 84 ಲಕ್ಷ. ಆದರೆ ಇದರಲ್ಲಿ ಸಾಲದ ಬಡ್ಡಿ, ಯಂತ್ರದ ಸವಕಳಿ, ನಿರ್ವಹಣೆ ಎಲ್ಲ ಕಳೆಯಬೇಕು. ಕಳೆದು 6 ಕೋಟಿ ಉಳಿಯಿತು ಅಂದುಕೊಳ್ಳಿ. ಸಮಾಜಕ್ಕೆ ಅಂತ ಎತ್ತಿಡಬೇಕಾದದ್ದು ಬರೀ 12 ಲಕ್ಷ. ಲಾಭ 5 ಕೋಟಿಗಿಂತ ಕೆಳಗಿದ್ದು ಉಳಿದೆರಡು ಮಿತಿಯನ್ನೂ ಮುಟ್ಟದಿದ್ದರೆ, ಸೊನ್ನೆ. ಒಂದೊಂದು ಸ್ಥಾವರಕ್ಕೂ ಒಂದೊಂದು ಕಂಪನಿ ಮಾಡಿಕೊಳ್ಳೋದು ಈ ವ್ಯಾಪಾರದಲ್ಲಿ ಮಾಮೂಲು. ಹೊಸ ಸ್ಥಾವರಕ್ಕೆ ಮೊದಲ ವರ್ಷಗಳಲ್ಲಿ ಬಡ್ಡಿಯೇ ಜಾಸ್ತಿ. ಹಾಗಾಗಿ ಫ್ಯಾನ್ ಜೋರಾಗಿ ತಿರುಗುತ್ತಿದ್ದರೂ ಕಾನೂನಿನ ಪ್ರಕಾರ ಒಂದು ರೂಪಾಯಿ ಕೊಡಬೇಕಾಗಿಲ್ಲದ ವರ್ಷಗಳು ಇರುತ್ತವೆ. ಇದರಲ್ಲಿ ಮೋಸ ಇಲ್ಲ, ಕಾನೂನೇ ಹಾಗಿದೆ.

ಸ್ಕಾಟ್ಲೆಂಡಿನಲ್ಲಿ ಈ ಲೆಕ್ಕವೇ ಬೇರೆ. ಅಲ್ಲಿನ ಸರ್ಕಾರದ ಮಾರ್ಗಸೂಚಿ, ಸ್ಥಾಪಿಸಿದ ಪ್ರತಿ ಮೆಗಾವ್ಯಾಟ್‌ಗೆ ವರ್ಷಕ್ಕೆ 5,000 ಪೌಂಡ್ ಸುತ್ತಲಿನ ಜನಕ್ಕೆ ಕೊಡಿ, ಬೆಲೆ ಏರಿದಂತೆ ಅದನ್ನೂ ಏರಿಸಿ ಅನ್ನುತ್ತದೆ. ಕಡ್ಡಾಯವಲ್ಲ, ಆದರೂ ಅದೇ ರೂಢಿಯಾಗಿದೆ. ಸ್ಥಳೀಯರೇ ಕೂತು ಅರ್ಜಿ ನೋಡಿ, ಇವರ ಸಭಾಭವನಕ್ಕೆ ಇಷ್ಟು, ಅವರ ಆಟದ ಮೈದಾನಕ್ಕೆ ಇಷ್ಟು ಅಂತ ಹಂಚುತ್ತಾರೆ. ಜರ್ಮನಿಯಲ್ಲಿ ಫ್ಯಾನಿನಿಂದ ಎರಡೂವರೆ ಕಿಲೋಮೀಟರ್ ಒಳಗಿನ ಸ್ಥಳೀಯ ಆಡಳಿತಗಳಿಗೆ ಯೂನಿಟ್‌ಗೆ 0.2 ಯೂರೋ ಸೆಂಟ್‌ವರೆಗೆ ಕೊಡಲು ಕಾನೂನೇ ದಾರಿ ಮಾಡಿದೆ. ನಮ್ಮ 50 ಮೆಗಾವ್ಯಾಟ್‌ಗೆ ಸ್ಕಾಟ್ಲೆಂಡಿನ ದರ ಹಚ್ಚಿದರೆ ವರ್ಷಕ್ಕೆ ಎರಡೂವರೆ ಕೋಟಿ ದಾಟುತ್ತದೆ. ಅಲ್ಲಿ ಕರೆಂಟಿನ ದರವೂ ಬೇರೆ, ಸುಮ್ನೆ ಆ ಅಂಕಿಯನ್ನು ಇಲ್ಲಿಗೆ ತಂದು ಜಗಳ ಆಡಿ ಅಂತ ಹೇಳುತ್ತಿಲ್ಲ. ನೋಡಬೇಕಾದದ್ದು ದುಡ್ಡನ್ನು ಯಾವುದಕ್ಕೆ ಗಂಟು ಹಾಕಿದ್ದಾರೆ ಅನ್ನೋದನ್ನ. ಮೆಗಾವ್ಯಾಟ್ ಎಷ್ಟು, ಯೂನಿಟ್ ಎಷ್ಟು ಅನ್ನೋದು ಮೀಟರಿನಲ್ಲಿ ಕಾಣುತ್ತದೆ. ಲಾಭ ಎಷ್ಟು ಅನ್ನೋದು ನಮ್ಮಂಥ ಆಡಿಟರ್‌ಗಳ ಕಡತದಲ್ಲಿ ಇರುತ್ತದೆ.

ಅಷ್ಟು ದೂರ ಹೋಗೋದೂ ಬೇಡ. ನಮ್ಮ ಜಿಲ್ಲೆಯ ಕಬ್ಬಿಣದ ಅದಿರಿನ ಗಣಿಗಳನ್ನೇ ನೋಡಿ. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ಬಂದ ಮೇಲೆ ಗಣಿಯಿಂದ ತೊಂದರೆಯಾದ ಊರುಗಳಿಗೆ ಅಂತ ಇರೋ ಜಿಲ್ಲಾ ಖನಿಜ ಪ್ರತಿಷ್ಠಾನಕ್ಕೆ, ರಾಜಧನದ (ಅದಿರಿಗೆ ಸರ್ಕಾರಕ್ಕೆ ಕಟ್ಟುವ ರಾಯಲ್ಟಿಯ) ಮೇಲೆ ದುಡ್ಡು ಕಟ್ಟಲೇಬೇಕು. ಹಳೇ ಗುತ್ತಿಗೆಗೆ 30 ಪರ್ಸೆಂಟ್, ಹರಾಜಿನಲ್ಲಿ ಪಡೆದದ್ದಕ್ಕೆ 10. ಲಾಭ ಬರಲಿ ಬಿಡಲಿ, ಅದಿರು ಹೊರಗೆ ಹೋದರೆ ದುಡ್ಡು ಬರಬೇಕು. ಗಾಳಿಗೆ ಅಂಥ ಪ್ರತಿಷ್ಠಾನ ಇಲ್ಲ. ಗಾಳಿ ಖಾಲಿಯಾಗಲ್ಲ, ಧೂಳು ಏಳಲ್ಲ, ಹಾಗಾಗಿ ಗಣಿಯಷ್ಟೇ ಕೊಡಿ ಅನ್ನೋದು ನನ್ನ ವಾದ ಅಲ್ಲ. ಆದರೆ ಏನೂ ಇಲ್ಲ ಅನ್ನೋದೂ ಸರಿಯಲ್ಲ, ಅಲ್ವಾ?

ಈಗ ಇರೋ ಸಿಎಸ್‌ಆರ್ ದುಡ್ಡಾದರೂ ಊರಿಗೆ ಸರಿಯಾಗಿ ಬರುತ್ತಿದೆಯಾ ಅಂದರೆ, ಎಷ್ಟೋ ಸಲ ಅರ್ಜಿ ಹೋಗಿ ಬೀಳುವ ಬಾಗಿಲೇ ತಪ್ಪು. ದಿನಾ ಜೀಪಿನಲ್ಲಿ ಓಡಾಡುವವರು ಸಾಮಾನ್ಯವಾಗಿ ನಿರ್ವಹಣೆ ಗುತ್ತಿಗೆಯವರು. ಫ್ಯಾನಿನ ಯಜಮಾನ ಬೇರೆ. ಒಂದೇ ಗುಡ್ಡದ ಸಾಲಿನಲ್ಲಿ ನಾಲ್ಕೈದು ಯಜಮಾನರು ಇರೋದೂ ಉಂಟು. ಗೋಪುರದ ಬುಡದ ಬಾಗಿಲ ಮೇಲೆ ನಂಬರ್ ಬರೆದಿರುತ್ತಾರೆ. ಅದನ್ನು ಫೋಟೋ ತೆಗೆದುಕೊಂಡು ಬನ್ನಿ. ರಾಜ್ಯ ಸರ್ಕಾರದ ನವೀಕರಿಸಬಹುದಾದ ಇಂಧನ ಸಂಸ್ಥೆ ಕ್ರೆಡೆಲ್‌ನ ಪಟ್ಟಿಯಲ್ಲಿ ಹುಡುಕಿದರೆ ಯಾರ ಸ್ಥಾವರ ಅಂತ ಸಿಗುತ್ತದೆ, ಸಿಗದಿದ್ದರೆ ಮಾಹಿತಿ ಹಕ್ಕು ಇದೆ. ಅರ್ಜಿ ಆ ಕಂಪನಿಯ ನೋಂದಾಯಿತ ಕಚೇರಿಗೆ ಹೋಗಬೇಕು. ಸೈಟ್ ಆಫೀಸಿಗೆ ಒಂದು ಪ್ರತಿ ಸಾಕು.

ಇನ್ನು ಕೇಳೋ ರೀತಿ. ಜಾತ್ರೆಗೆ, ಟೂರ್ನಮೆಂಟಿಗೆ ಅಂತ ಕೇಳಿದರೆ ಅದು ಸಿಎಸ್‌ಆರ್ ಲೆಕ್ಕಕ್ಕೆ ಬರಲ್ಲ. ದೇವಸ್ಥಾನದ ಗೋಪುರದ ಸುಣ್ಣಬಣ್ಣವೂ ಅಷ್ಟೇ. ಸೈಟ್ ಮ್ಯಾನೇಜರ್ ಕೈಯಿಂದ ಅಷ್ಟೋ ಇಷ್ಟೋ ಕೊಟ್ಟು ಕಳಿಸುತ್ತಾರೆ, ಅಲ್ಲಿಗೆ ಮುಗಿಯಿತು. ಕುಡಿಯುವ ನೀರು, ಶಾಲೆ, ಆರೋಗ್ಯ, ಕೆರೆ, ಇವು ಸಿಎಸ್‌ಆರ್ ಕೆಲಸಗಳ ಪಟ್ಟಿಯಾದ ಕಾಯ್ದೆಯ 7ನೇ ಅನುಸೂಚಿಗೆ ಒಪ್ಪುತ್ತವೆ. ಫ್ಲೋರೈಡ್ ಕಾಟ ಇರೋ ನಮ್ಮ ಊರುಗಳಿಂದ ಬರುವ ಬೇಡಿಕೆಯಲ್ಲಿ ಶುದ್ಧ ನೀರಿನ ಘಟಕವೇ ಮೊದಲು. ಅಲ್ಲೂ ಅರ್ಜಿಯಲ್ಲಿ ಯಂತ್ರದ ಕೊಟೇಶನ್ ಇರುತ್ತದೆ, ಕಟ್ಟಡದ ಅಂದಾಜು ಇರುತ್ತದೆ. ನೀರು ಸೋಸುವ ಮೆಂಬ್ರೇನ್ ಬದಲಿಸೋಕೆ, ಕರೆಂಟ್ ಬಿಲ್ಲಿಗೆ, ನೋಡಿಕೊಳ್ಳುವ ಹುಡುಗನ ಸಂಬಳಕ್ಕೆ ಒಂದು ಸಾಲೂ ಇರಲ್ಲ. ಉದ್ಘಾಟನೆಯ ಫಲಕ ಹೊಳೆಯುತ್ತಿರುತ್ತದೆ, ನಾಣ್ಯ ಹಾಕುವ ಸಂದಿಗೆ ಯಾರೋ ಟೇಪ್ ಅಂಟಿಸಿರುತ್ತಾರೆ, ಜನ ಕ್ಯಾನ್ ಹಿಡಿದು ಪಕ್ಕದ ಊರಿಗೆ ಹೋಗುತ್ತಿರುತ್ತಾರೆ. ಇದನ್ನು ಒಂದೆರಡು ಊರಿನಲ್ಲಿ ಅಲ್ಲ ನಾನು ನೋಡಿರೋದು. ಮೂರು ವರ್ಷದ ನಿರ್ವಹಣೆ ಸೇರಿಸಿ ಬರೆಯಿರಿ. ನಡೆಯುತ್ತಿರುವ ಯೋಜನೆ ಅಂತ ಹಾಗೆ ಹಣ ಎತ್ತಿಡಲು ಕಂಪನಿಗೆ ಅವಕಾಶ ಇದೆ. ಘಟಕ ಯಾರ ಹೆಸರಿನಲ್ಲಿ ಇರುತ್ತದೆ ಅನ್ನೋದನ್ನೂ ಬರೆಯಬೇಕು. ಸಿಎಸ್‌ಆರ್ ದುಡ್ಡಿನ ಆಸ್ತಿಯನ್ನು ಕಂಪನಿ ತನ್ನ ಹೆಸರಿನಲ್ಲಿ ಇಟ್ಟುಕೊಳ್ಳುವಂತಿಲ್ಲ. ಊರಿನ ಟ್ರಸ್ಟ್ ಮೂಲಕ ಕೆಲಸ ಮಾಡಿಸೋದಾದರೆ ಆದಾಯ ತೆರಿಗೆಯ 12ಎ, 80ಜಿ ನೋಂದಣಿ, ಕಂಪನಿ ವ್ಯವಹಾರ ಸಚಿವಾಲಯದ ಸಿಎಸ್‌ಆರ್-1 ನೋಂದಣಿ, ಮೂರು ವರ್ಷದ ಕೆಲಸದ ಅನುಭವ ಬೇಕು. ದುಡ್ಡು ಬರುತ್ತೆ ಅಂತ ಹೋದ ತಿಂಗಳು ಕಟ್ಟಿದ ಟ್ರಸ್ಟ್‌ಗೆ ಸಿಗಲ್ಲ.

ಕಾಲವೂ ಮುಖ್ಯ. ಮಾರ್ಚ್ 31ಕ್ಕೆ ವರ್ಷ ಮುಗಿಯುತ್ತದೆ. ಯಾವ ಯೋಜನೆಗೂ ಸೇರದೆ ಉಳಿದ ಹಣ ಆರು ತಿಂಗಳೊಳಗೆ ಪ್ರಧಾನಿ ಪರಿಹಾರ ನಿಧಿಯಂಥ ಕಡೆಗೆ ಹೋಗುತ್ತದೆ, ಹೋದರೆ ಹೋಯಿತು. ಫೆಬ್ರವರಿಯಲ್ಲಿ ಓಡಿ ಬರೋ ಬದಲು ಡಿಸೆಂಬರ್‌ನಲ್ಲೇ ಮುಂದಿನ ವರ್ಷಕ್ಕೆ ಅರ್ಜಿ ಕೊಡಿ.

ಇಷ್ಟೆಲ್ಲ ಆದರೂ ನಾವು ಮಾತಾಡುತ್ತಿರೋದು ಆ 12 ಲಕ್ಷದ ಬಗ್ಗೆ. ದೊಡ್ಡ ಅವಕಾಶ ಬೇರೆ ಕಡೆ ಇದೆ. ನಮ್ಮ ಗುಡ್ಡಗಳ ಮೇಲೆ ಮೊದಮೊದಲು ನಿಂತ ಸಣ್ಣ ಫ್ಯಾನುಗಳಿಗೆ ವಯಸ್ಸಾಗಿದೆ. ಅವನ್ನು ತೆಗೆದು ದೊಡ್ಡವನ್ನು ನಿಲ್ಲಿಸಲು ಕೇಂದ್ರ ಸರ್ಕಾರ 2023ರ ಡಿಸೆಂಬರ್‌ನಲ್ಲಿ ಹೊಸ ನೀತಿ ತಂದಿದೆ. ಹಾಗೆ ಬದಲಿಸುವಾಗ ರಸ್ತೆ ಅಗಲ ಮಾಡಬೇಕು, ಉದ್ದದ ರೆಕ್ಕೆ ಹೊತ್ತ ಲಾರಿ ಊರೊಳಗೆ ತಿರುಗಬೇಕು, ಎಷ್ಟೋ ಕಡೆ ಜಮೀನಿನ ಕರಾರು ಹೊಸದಾಗಿ ಆಗಬೇಕು. ಕಂಪನಿಗೆ ಊರಿನ ಒಪ್ಪಿಗೆ ನಿಜವಾಗಿ ಬೇಕಾಗೋದು ಆಗ. ಈವರೆಗೆ ಆ ಹೊತ್ತಿನಲ್ಲಿ ಜಮೀನಿನವರು ತಮ್ಮ ದರ ಮಾತಾಡಿ ಮುಗಿಸುತ್ತಾರೆ, ಅರಣ್ಯದ ಗುಡ್ಡವಾದರೆ ಊರಲ್ಲಿ ಯಾರಿಗೂ ಬಾಡಿಗೆ ಇಲ್ಲ. ಪಂಚಾಯಿತಿ ಆಗ ಕೂರಬೇಕು. ಮೆಗಾವ್ಯಾಟ್‌ಗೆ ವರ್ಷಕ್ಕೆ ಇಷ್ಟು, ಸಿಎಸ್‌ಆರ್ ಬಂದರೂ ಬಾರದಿದ್ದರೂ, ಪಂಚಾಯಿತಿ ತೆರಿಗೆಯಲ್ಲಿ ಅದನ್ನು ವಜಾ ಮಾಡಿಕೊಳ್ಳದೆ, ಅಂತ ಕರಾರಿನಲ್ಲಿ ಬರೆಸಬೇಕು. ಕಂಪನಿ ಕೊಡಲೇಬೇಕು ಅಂತ ಕಾನೂನು ಇಲ್ಲ, ಬೇಡ ಅಂತಲೂ ಇಲ್ಲ. ಮೊತ್ತ ಸಣ್ಣದಿದ್ದರೂ ಪರವಾಗಿಲ್ಲ, ಬೆಲೆ ಏರಿಕೆಯ ಷರತ್ತು ಇರಲಿ. ಸ್ಥಾವರ ಬೇರೆಯವರಿಗೆ ಮಾರಾಟವಾದರೆ ಕೊಂಡವರೂ ಇದಕ್ಕೆ ಬದ್ಧರು ಅನ್ನೋ ಸಾಲನ್ನು ಮಾತ್ರ ಬಿಡಬೇಡಿ. ಈ ವ್ಯಾಪಾರದಲ್ಲಿ ಯಜಮಾನರು ಬದಲಾಗುತ್ತಲೇ ಇರುತ್ತಾರೆ.