ಎರಡು ಆಕ್ಷೇಪಗಳ ನಡುವಿನ ಕುಣಿತ

ಮುಂಬಯಿಯ ಉಪನಗರವೊಂದರ ಕನ್ನಡ ಸಂಘದ ಸಭಾಗೃಹದಲ್ಲಿ ಶನಿವಾರ ಸಂಜೆ ಮಕ್ಕಳ ಯಕ್ಷಗಾನ ತರಗತಿ ಮುಗಿದು ಚೆಂಡೆ, ಮದ್ದಳೆಗಳು ಗವಸು ಸೇರಿದ ಮೇಲೆ ಐದಾರು ಹುಡುಗಿಯರು ಬರುತ್ತಾರೆ. ಅಂಗೈಯಗಲದ ಸ್ಪೀಕರನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಅದೇ ನೆಲದ ಮೇಲೆ ಹಿಪ್ ಹಾಪ್ ಅಭ್ಯಾಸ ಮಾಡುತ್ತಾರೆ. ನಾನು ಅಲ್ಲಿ ಕುಳಿತಿದ್ದ ಒಂದು ಸಂಜೆ ಅವರಲ್ಲೊಬ್ಬಳು ಒಂದು ಮೊಣಕೈಯನ್ನು ಸೊಂಟದ ಪಕ್ಕಕ್ಕೆ ಊರಿ, ಕೆನ್ನೆಯ ಬದಿಯನ್ನು ನೆಲಕ್ಕೆ ತಾಗಿಸಿ, ಮಂಡಿಯನ್ನು ಇನ್ನೊಂದು ಮೊಣಕೈಯ ಮೇಲಿಟ್ಟು, ಇಡೀ ಮೈಯನ್ನು ಗಾಳಿಯಲ್ಲಿ ನಿಲ್ಲಿಸಿದಳು. ಇದನ್ನು 'ಬೇಬಿ ಫ್ರೀಜ್' ಎನ್ನುತ್ತಾರೆ. ಹಿಪ್ ಹಾಪ್‌ನಲ್ಲಿ ನೆಲಕ್ಕಿಳಿದು ಕುಣಿಯುವ ಶೈಲಿಯಾದ ಬ್ರೇಕಿಂಗ್ ಕಲಿಯುವವರು ಮೊದಮೊದಲು ಸಾಧಿಸುವ ನಿಲುವುಗಳಲ್ಲಿ ಇದೂ ಒಂದು. ಅವಳ ಮೊಣಕೈಯ ಚರ್ಮ ಉಜ್ಜಿ ಉಜ್ಜಿ ಕಪ್ಪಗಟ್ಟಿತ್ತು. ಬಾಗಿಲ ಬಳಿ ಕಾಯುತ್ತಿದ್ದ ಅವಳ ದೊಡ್ಡಮ್ಮ, ಕುಂದಾಪುರದ ಕಡೆಯವರು, "ಇದ್ ಗಂಡ್ಮಕ್ಳ ಕುಣ್ತ ಅಲ್ದಾ ಮಗಾ?" ಎಂದರು. ಅರ್ಧ ಗಂಟೆಯ ನಂತರ ಅದೇ ಹುಡುಗಿ ಬೂಟು ಕಳಚಿ, ಎತ್ತರದ ಹಿಮ್ಮಡಿಯ ಚಪ್ಪಲಿ ತೊಟ್ಟು, ಸೊಂಟವನ್ನು ತಾಳಕ್ಕೆ ತಕ್ಕಂತೆ ಬಳುಕಿಸುತ್ತ ನಡೆದು ಬಂದಾಗ ದೊಡ್ಡಮ್ಮನ ದನಿ ಇನ್ನಷ್ಟು ಗಟ್ಟಿಯಾಯಿತು: "ಇದಂತೂ ಬ್ಯಾಡವೇ ಬ್ಯಾಡ."

ಮೊದಲನೆಯದು ಅತಿಯಾಗಿ ಗಂಡಸಿನದು, ಎರಡನೆಯದು ಅತಿಯಾಗಿ ಹೆಂಗಸಿನದು ಎಂಬ ಈ ಎರಡು ಆಕ್ಷೇಪಗಳ ನಡುವೆ ಕುಣಿಯುವ ಹುಡುಗಿಗೆ ಉಳಿಯುವ ಜಾಗ ಎಷ್ಟು ಇಕ್ಕಟ್ಟಿನದೆಂಬುದನ್ನು ಅಂದು ನಾನು ಕಣ್ಣಾರೆ ಕಂಡೆ. ದೊಡ್ಡಮ್ಮನನ್ನು ದೂರಲು ಮನಸ್ಸು ಬರುವುದಿಲ್ಲ. ಅವರ ಎರಡೂ ಮಾತುಗಳಿಗೆ ದೀರ್ಘವಾದ ಇತಿಹಾಸವಿದೆ, ಆ ಇತಿಹಾಸದ ಒಂದು ಭಾಗ ನ್ಯೂಯಾರ್ಕಿನಲ್ಲಿ ನಡೆದರೆ ಇನ್ನೊಂದು ಭಾಗ ಇದೇ ಮುಂಬಯಿಯಲ್ಲಿ, ಇಲ್ಲಿನ ಶಾಸನಸಭೆ ಮತ್ತು ನ್ಯಾಯಾಲಯಗಳಲ್ಲಿ ನಡೆದಿದೆ.

ಹಿಪ್ ಹಾಪ್ ಹುಟ್ಟಿದ ದಿನವೆಂದು ಸಾಮಾನ್ಯವಾಗಿ ಎಣಿಸುವುದು 1973ರ ಆಗಸ್ಟ್ 11ನ್ನು. ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಸೆಜ್ವಿಕ್ ಅವೆನ್ಯೂದ 1520ನೇ ಸಂಖ್ಯೆಯ ಕಟ್ಟಡದಲ್ಲಿ ಆ ರಾತ್ರಿ ಕೂಟವನ್ನು ಏರ್ಪಡಿಸಿದವಳು ಸಿಂಡಿ ಕ್ಯಾಂಪ್‌ಬೆಲ್ ಎಂಬ ಹುಡುಗಿ. ಶಾಲೆ ಮತ್ತೆ ತೆರೆಯುವ ಮುಂಚೆ ಹೊಸ ಬಟ್ಟೆ ಕೊಳ್ಳಲು ಹಣ ಹೊಂದಿಸುವುದು ಅವಳ ಉದ್ದೇಶವಾಗಿತ್ತು. ಪ್ರವೇಶ ದರ ಹುಡುಗಿಯರಿಗೆ 25 ಸೆಂಟ್, ಹುಡುಗರಿಗೆ 50 ಸೆಂಟ್. ಸಂಗೀತ ನುಡಿಸಿದ ಅವಳ ಅಣ್ಣ ಕ್ಲೈವ್, ಡಿಜೆ ಕೂಲ್ ಹರ್ಕ್ ಎಂಬ ಹೆಸರಿನಲ್ಲಿ ಲೋಕಪ್ರಸಿದ್ಧನಾದ. ಹಾಡು ನಿಂತು ಬರಿಯ ತಾಳವಾದ್ಯ ಉಳಿಯುವ ತುಣುಕನ್ನು, ಅಂದರೆ 'ಬ್ರೇಕ್' ಅನ್ನು, ಆತ ಎರಡು ಗ್ರಾಮಫೋನ್ ತಟ್ಟೆಗಳ ನೆರವಿನಿಂದ ಎಳೆದು ಉದ್ದ ಮಾಡಿದ. ಆ ತುಣುಕಿಗಾಗಿಯೇ ಕಾದು ಕುಣಿದವರು ಬಿ-ಬಾಯ್, ಬಿ-ಗರ್ಲ್ ಎನಿಸಿಕೊಂಡರು. ಆರಂಭದಲ್ಲಿಯೇ ಹೆಣ್ಣು ಇದ್ದಳು, ಅವಳೇ ಕೂಟದ ಯಜಮಾನಿಯಾಗಿದ್ದಳು ಎಂಬುದನ್ನು ಒತ್ತಿ ಹೇಳಬೇಕಾಗಿದೆ, ಏಕೆಂದರೆ ಮುಂದಿನ ದಶಕದಲ್ಲಿ ಈ ಕುಣಿತ ತಂಡ ತಂಡಗಳ ನಡುವಿನ ಕಾಳಗವಾಗಿ ಬದಲಾದಂತೆ ಅವಳ ಹೆಸರು ಅಂಚಿಗೆ ಸರಿಯಿತು. 1977ರಲ್ಲಿ ಹುಟ್ಟಿದ ರಾಕ್ ಸ್ಟೆಡಿ ಕ್ರೂ ಎಂಬ ಹೆಸರಾಂತ ತಂಡದಲ್ಲಿ 'ಬೇಬಿ ಲವ್' ಎಂಬ ಹುಡುಗಿ ಇದ್ದಳಾದರೂ, ಆ ಕಾಲದ ಚಿತ್ರಗಳಲ್ಲಿ ನಮಗೆ ಹೆಚ್ಚಾಗಿ ಕಾಣಸಿಗುವುದು ಹುಡುಗರೇ.

ಹೀಗಾಗಿ ನೆಲಕ್ಕಿಳಿದು ಕುಣಿಯುವ ಹೆಣ್ಣು ಸಡಿಲ ಪ್ಯಾಂಟು, ದೊಗಳೆ ಅಂಗಿ ತೊಟ್ಟಳು. ಅಂಥ ಉಡುಪು ಚಲನೆಗೆ ಅನುಕೂಲ, ಕಣ್ಣುಗಳಿಂದ ರಕ್ಷಣೆ ಕೂಡ. ಅವಳಿಗೆ ಸಿಗುತ್ತಿದ್ದ ದೊಡ್ಡ ಹೊಗಳಿಕೆ 'ಹುಡುಗರ ಹಾಗೆಯೇ ಕುಣಿಯುತ್ತಾಳೆ' ಎಂಬುದಾಗಿತ್ತು. ಕನ್ನಡದಲ್ಲಿ ಇದೇ ಮಾತು ಬೈಗುಳದ ರೂಪ ತಾಳಿ 'ಗಂಡುಬೀರಿ' ಆಗುತ್ತದೆ. ಹೊಗಳಿಕೆಯಾಗಲಿ ಬೈಗುಳವಾಗಲಿ, ಕಸುವು ಗಂಡಸಿನ ಸೊತ್ತು ಎಂಬ ಎಣಿಕೆ ಎರಡರಲ್ಲೂ ಒಂದೇ. ನಾವು ಯಕ್ಷಗಾನವನ್ನು 'ಗಂಡುಕಲೆ' ಎಂದು ಅಭಿಮಾನದಿಂದ ಕರೆಯುವಾಗಲೂ ಆ ಎಣಿಕೆ ಒಳಗೆ ಕೆಲಸ ಮಾಡುತ್ತಿರುತ್ತದೆ. ಮಹಿಳಾ ಮೇಳಗಳು ಬಣ್ಣದ ವೇಷ ಕಟ್ಟಿ ರಂಗ ನಡುಗಿಸುತ್ತಿರುವ ಈ ಹೊತ್ತಿನಲ್ಲೂ ಆ ಹೆಸರು ಬದಲಾಗಿಲ್ಲ.

ಬ್ರೇಕಿಂಗ್‌ನ ಕಸುವು ಬರಿಯ ತೋಳಬಲವಲ್ಲ ಎಂಬುದು ಹತ್ತಿರದಿಂದ ನೋಡಿದವರಿಗೆ ಬೇಗ ತಿಳಿಯುತ್ತದೆ. ಬೆನ್ನು, ಭುಜಗಳ ಮೇಲೆ ಮೈ ಉರುಳುತ್ತ ಕಾಲುಗಳು ಗಾಳಿಯಲ್ಲಿ ಸುತ್ತುವ 'ವಿಂಡ್‌ಮಿಲ್' ನಿಂತಿರುವುದು ಕಾಲನ್ನು ಬೀಸಿದ ವೇಗವನ್ನು ಎಲ್ಲೂ ಕಳೆದುಕೊಳ್ಳದೆ ಮುಂದಿನ ಸುತ್ತಿಗೆ ದಾಟಿಸುವ ಲೆಕ್ಕಾಚಾರದ ಮೇಲೆ. ಅಂಗೈಗಳ ಮೇಲೆ ಭಾರ ಬಿಟ್ಟು ಕಾಲುಗಳನ್ನು ಸುತ್ತ ಹೆಣೆಯುವ 'ಸಿಕ್ಸ್ ಸ್ಟೆಪ್' ಬೇಡುವುದು ತಾಳದ ಹದವನ್ನು. ಆದರೂ ಸ್ಪರ್ಧೆಯ ಬಾಗಿಲು ತೆರೆಯುವುದು ತಡವಾಯಿತು. 2004ರಲ್ಲಿ ಆರಂಭವಾದ ರೆಡ್ ಬುಲ್ ಬಿಸಿ ಒನ್ ಎಂಬ ಒಂಟಿ ಕಾಳಗದ ಜಾಗತಿಕ ಸ್ಪರ್ಧೆಯ ಅಂತಿಮ ಸುತ್ತಿನಲ್ಲಿ ಮೊದಲ ಬಾರಿಗೆ ಹೆಣ್ಣೊಬ್ಬಳು, ಜಪಾನಿನ ಅಯುಮಿ, ಗಂಡಸರ ಎದುರು ನಿಂತದ್ದು 2017ರಲ್ಲಿ. ಬಿ-ಗರ್ಲ್‌ಗಳಿಗೆ ಪ್ರತ್ಯೇಕ ವಿಭಾಗ ಬಂದದ್ದು ಮರುವರ್ಷ. ಬೆಂಗಳೂರಿನ ಜೊಹಾನ್ನಾ ರಾಡ್ರಿಗಸ್, ಕುಣಿತದ ಲೋಕದ ಬಿ-ಗರ್ಲ್ ಜೋ, ಇದೇ ಸ್ಪರ್ಧೆಯ ಭಾರತದ ಬಿ-ಗರ್ಲ್ ಪ್ರಶಸ್ತಿ ಗೆದ್ದವರು. 2024ರ ಆಗಸ್ಟ್ 9ರಂದು ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಬ್ರೇಕಿಂಗ್ ಮೊದಲ ಸಲ ನಡೆದಾಗ ವೇದಿಕೆ ಏರಿದ್ದು ಹೆಣ್ಣುಮಕ್ಕಳೇ. ಜಪಾನಿನ ಅಮಿ ಚಿನ್ನ, ಲಿಥುವೇನಿಯಾದ ನಿಕಾ ಬೆಳ್ಳಿ, ಚೀನಾದ ಲಿಯು ಚಿಂಗ್‌ಯಿ ಕಂಚು ಗೆದ್ದರು, ಅಯುಮಿ ತಮ್ಮ 41ನೇ ವಯಸ್ಸಿನಲ್ಲಿ ಅಲ್ಲಿ ಕುಣಿದರು. ನನ್ನ ಮನಸ್ಸಿನಲ್ಲಿ ಉಳಿದದ್ದು ಪದಕಕ್ಕಿಂತ ಹೆಚ್ಚಾಗಿ ನಿರಾಶ್ರಿತರ ತಂಡದ ಮನಿಝಾ ತಲಾಶ್. ಅಫ್ಘನ್ ಹೆಣ್ಣುಮಕ್ಕಳನ್ನು ಬಿಡುಗಡೆ ಮಾಡಿ ಎಂಬ ಬರಹವಿದ್ದ ಮೇಲುಹೊದಿಕೆಯನ್ನು ರೆಕ್ಕೆಯಂತೆ ಬಿಚ್ಚಿ ಕುಣಿದ ಅವರನ್ನು ಸ್ಪರ್ಧೆಯಿಂದ ಅನರ್ಹಗೊಳಿಸಲಾಯಿತು. ಹುಡುಗಿಯರು ಕುಣಿಯುವುದಕ್ಕೇ ಅಪ್ಪಣೆಯಿಲ್ಲದ ದೇಶದಿಂದ ಹೊರಬಂದವರು ಅವರು.

ಇನ್ನು ಎರಡನೆಯ ಆಕ್ಷೇಪ. ಇದರ ಕಥೆ ಹೆಚ್ಚು ಸಂಕೀರ್ಣವಾದುದು. ಹೆಣ್ಣಿನ ಬಳುಕು, ಬೆಡಗು, ತೋಳಿನ ಬೀಸುಗಳನ್ನು ಬೀದಿ ಮತ್ತು ಕ್ಲಬ್ಬುಗಳ ಕುಣಿತಕ್ಕೆ ತಂದುಕೊಟ್ಟವರಲ್ಲಿ ಬಹುಪಾಲು ಜನ ಸಮಾಜ ಹೊರಗಿಟ್ಟಿದ್ದ ಗಂಡಸರು ಮತ್ತು ಲಿಂಗಾಂತರಿಗಳು. 1970ರ ದಶಕದ ಲಾಸ್ ಏಂಜಲೀಸ್‌ನಲ್ಲಿ ಕಪ್ಪು ಮತ್ತು ಲ್ಯಾಟಿನೋ ಸಲಿಂಗಿ ಯುವಕರು ಡಿಸ್ಕೊ ಹಾಡುಗಳಿಗೆ ಹಳೆಯ ಚಿತ್ರತಾರೆಯರ ನಿಲುವುಗಳನ್ನು ಅನುಕರಿಸುತ್ತ, ತೋಳುಗಳನ್ನು ಭುಜದ ಹಿಂದಿನಿಂದ ಸುತ್ತಿ ಚಾವಟಿಯಂತೆ ಬೀಸುತ್ತ ಕಟ್ಟಿದ ಶೈಲಿಯೇ ಇಂದಿನ 'ವಾಕಿಂಗ್'. ನಡಿಗೆಗೂ ಇದಕ್ಕೂ ಸಂಬಂಧವಿಲ್ಲ. ನ್ಯೂಯಾರ್ಕಿನ ಹಾರ್ಲೆಮ್‌ನ ಕೂಟಗಳಲ್ಲಿ, ಫ್ಯಾಷನ್ ಪತ್ರಿಕೆಗಳ ರೂಪದರ್ಶಿಯರ ನಿಲುವುಗಳನ್ನು ಅನುಕರಿಸುವ 'ವೋಗಿಂಗ್' ಬೆಳೆಯಿತು. ಅದರ ಮೇರು ನರ್ತಕ ವಿಲ್ಲಿ ನಿಂಜಾ ಮುಂದೆ ರೂಪದರ್ಶಿ ಹೆಣ್ಣುಮಕ್ಕಳಿಗೆ ನಡೆಯುವ ಬಗೆಯನ್ನು ಕಲಿಸುವ ಗುರುವೂ ಆದರು.

ಗಂಡಸು ಹೆಣ್ತನವನ್ನು ರಂಗದ ಮೇಲೆ ಕಟ್ಟುವುದು ಕರಾವಳಿಯಿಂದ ಬಂದ ಮುಂಬಯಿ ಕನ್ನಡಿಗರಿಗೆ ಹೊಸತಲ್ಲ. ಸ್ತ್ರೀವೇಷಧಾರಿಯ ಒನಪು, ಸೆರಗು ಹಿಡಿಯುವ ರೀತಿ, ಓರೆನೋಟಗಳನ್ನು ನೋಡಿ ಬೆಳೆದ ನಾವು ಅದನ್ನು ಕಲೆಯೆಂದು ಗೌರವಿಸುತ್ತೇವೆ. ಪಕ್ಕದ ಮರಾಠಿ ರಂಗಭೂಮಿಯಲ್ಲಿ ಸ್ತ್ರೀಪಾತ್ರಧಾರಿ ಬಾಲಗಂಧರ್ವರು ಉಟ್ಟ ಸೀರೆಯ ಬಗೆಯನ್ನು ಹೆಂಗಸರೇ ಅನುಕರಿಸಿದರೆಂಬುದು ಪ್ರಸಿದ್ಧ ಮಾತು. ಅದೇ ಒನಪು ಗಂಡಸಿನ ಮೈಮೇಲಿದ್ದಾಗ ಕಲೆಯಾಗಿ, ಹೆಣ್ಣಿನ ಮೈಮೇಲೆ ಬಂದಾಗ ಮರ್ಯಾದೆಯ ಪ್ರಶ್ನೆಯಾದದ್ದು ಹೇಗೆ? ಇದಕ್ಕೆ ಉತ್ತರದ ಒಂದು ತುದಿ ಮುಂಬಯಿಯಲ್ಲಿದೆ.

1934ರಲ್ಲಿ ಮುಂಬಯಿ ಪ್ರಾಂತ್ಯದ ಸರ್ಕಾರ ದೇವದಾಸಿಯರ ರಕ್ಷಣೆಯ ಕಾನೂನನ್ನು ತಂದು, ಹೆಣ್ಣುಮಕ್ಕಳನ್ನು ದೇವರಿಗೆ ಬಿಡುವುದನ್ನು ನಿಷೇಧಿಸಿತು. ಬೆಳಗಾವಿ, ಧಾರವಾಡ, ವಿಜಯಪುರ ಅಂದು ಅದೇ ಪ್ರಾಂತ್ಯಕ್ಕೆ ಸೇರಿದ್ದವು. ಶೋಷಣೆಯನ್ನು ತಡೆಯಲು ಆ ಕಾನೂನು ಬೇಕಾಗಿತ್ತು, ಅದರಲ್ಲಿ ನನಗೆ ಸಂಶಯವಿಲ್ಲ. ಆದರೆ ಆ ಕಾಲದ ಸುಧಾರಣೆಯ ಗಾಳಿಯಲ್ಲಿ ಕುಣಿಯುವ ಹೆಣ್ಣಿಗೂ ಕೆಟ್ಟ ಹೆಸರಿಗೂ ಇದ್ದ ಗಂಟು ಬಿಚ್ಚಿಕೊಳ್ಳುವ ಬದಲು ಇನ್ನಷ್ಟು ಬಿಗಿಯಿತು. ಭರತನಾಟ್ಯ ಮೇಲ್ವರ್ಗದ ಮನೆಗಳನ್ನು ಪ್ರವೇಶಿಸಿದ್ದು ಶೃಂಗಾರವನ್ನು ಭಕ್ತಿಯ ಕೆಳಗೆ ಅಡಗಿಸಿಟ್ಟ ಮೇಲೆ. ಶೃಂಗಾರವೇ ಅಭಿನಯದ ಜೀವವೆಂದು ವಾದಿಸಿದ ಹಿರಿಯ ನರ್ತಕಿ ಬಾಲಸರಸ್ವತಿಯವರ ದನಿ ಬಹುಕಾಲ ಒಂಟಿಯಾಗಿತ್ತು. 1945ರಲ್ಲಿ ಮಾಟುಂಗಾದಲ್ಲಿ ಶ್ರೀ ರಾಜರಾಜೇಶ್ವರಿ ಭರತನಾಟ್ಯ ಕಲಾಮಂದಿರ ಆರಂಭವಾದ ಮೇಲೆ ಆ ಸುತ್ತಿನ ದಕ್ಷಿಣ ಭಾರತೀಯ ಮನೆಗಳ ಹೆಣ್ಣುಮಕ್ಕಳಿಗೆ ಮರ್ಯಾದೆಯ ಒಂದು ದಾರಿ ತೆರೆಯಿತು. ಅದರಾಚೆಯ ಕುಣಿತವೆಲ್ಲ, ಅದು ಮರಾಠಿಯ ಲಾವಣಿ ನೃತ್ಯವಾಗಲಿ ಸಿನಿಮಾದ್ದಾಗಲಿ, ನೋಡಿ ಬರಬಹುದಾದದ್ದು. ಮನೆಯ ಹುಡುಗಿ ಕಲಿಯಬಾರದ್ದು.

ಗಾಯ ಮತ್ತೆ ತೆರೆದದ್ದು 2005ರಲ್ಲಿ. ಮಹಾರಾಷ್ಟ್ರ ಸರ್ಕಾರ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಡ್ಯಾನ್ಸ್ ಬಾರ್‌ಗಳನ್ನು ಮುಚ್ಚಿಸಿತು. ಸುಮಾರು 75,000 ಹೆಂಗಸರು ಕೆಲಸ ಕಳೆದುಕೊಂಡರೆಂಬ ಅಂಕಿ ಆಗ ನ್ಯಾಯಾಲಯದವರೆಗೂ ಹೋಯಿತು. ಮೂರು ತಾರೆ ಮತ್ತು ಅದಕ್ಕೂ ಮೇಲಿನ ಹೋಟೆಲುಗಳಿಗೆ ಮಾತ್ರ ನಿಷೇಧ ಅನ್ವಯಿಸಲಿಲ್ಲ. ಶ್ರೀಮಂತರ ಮುಂದೆ ಸಲ್ಲುವ ಕುಣಿತ ಬಡವರ ಮುಂದೆ ಅಶ್ಲೀಲವಾಗುವುದು ಹೇಗೆಂಬ ಪ್ರಶ್ನೆ ಅಲ್ಲಿಯೇ ಎದ್ದಿತು, 2006ರ ಏಪ್ರಿಲ್‌ನಲ್ಲಿ ಮುಂಬಯಿ ಹೈಕೋರ್ಟ್ ನಿಷೇಧವನ್ನು ರದ್ದುಮಾಡಿತು. ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ಆ ತೀರ್ಪನ್ನು ಎತ್ತಿಹಿಡಿಯಿತು. ಸರ್ಕಾರ 2014ರಲ್ಲಿ, ಮತ್ತೆ 2016ರಲ್ಲಿ ಹೊಸ ಕಾನೂನುಗಳನ್ನು ತಂದಿತು, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ 2016ರ ಕಾನೂನಿನ ಹಲವು ಷರತ್ತುಗಳನ್ನು ಸಡಿಲಿಸಿತು. ಈ ಹದಿನಾಲ್ಕು ವರ್ಷ ಪತ್ರಿಕೆಗಳಲ್ಲಿ, ಲೋಕಲ್ ರೈಲಿನ ಮಹಿಳಾ ಡಬ್ಬಿಗಳಲ್ಲಿ, ಊಟದ ಮನೆಗಳಲ್ಲಿ ಹೆಣ್ಣಿನ ಸೊಂಟ ಎಷ್ಟು ಅಲುಗಬಹುದೆಂಬ ಚರ್ಚೆ ನಡೆಯಿತು. ದೊಡ್ಡಮ್ಮನ "ಬ್ಯಾಡವೇ ಬ್ಯಾಡ"ದಲ್ಲಿ ನನಗೆ ಕೇಳಿಸಿದ್ದು ಆ ವರ್ಷಗಳು.

ಹಿಪ್ ಹಾಪ್ ಮುಂಬಯಿಯಲ್ಲಿ ಬೇರೂರಿದ್ದು ಹೆಚ್ಚುಕಡಿಮೆ ಇದೇ ಅವಧಿಯಲ್ಲಿ. ಕೇಬಲ್ ಟಿವಿ ಬಂದ ಮೇಲೆ, 1996ರಲ್ಲಿ ಆರಂಭವಾದ 'ಬೂಗಿ ವೂಗಿ'ಯಂಥ ಸ್ಪರ್ಧೆಗಳು ಕುಣಿತವನ್ನು ಮನೆಯ ನಡುಕೋಣೆಗೆ ತಂದವು. ಅಪ್ಪ ಅಮ್ಮನ ಜೊತೆ ಕುಳಿತು ನೋಡಿದ್ದನ್ನು ಕಲಿಯಲು ಅಪ್ಪಣೆ ಕೇಳುವುದು ಸುಲಭವಾಯಿತು. ಧಾರಾವಿಯಲ್ಲಿ ಸ್ಲಂಗಾಡ್ಸ್ ತಂಡದ ಹುಡುಗರು ಬ್ರೇಕಿಂಗನ್ನು ಉಚಿತವಾಗಿ ಕಲಿಸತೊಡಗಿದರು. 2015ರಲ್ಲಿ ಡಾಲಿ ರಾಟೇಶ್ವರ್ ಅವರ ಧಾರಾವಿ ಡ್ರೀಮ್ ಪ್ರಾಜೆಕ್ಟ್ ಅಲ್ಲಿನ ಮಕ್ಕಳಿಗಾಗಿ ಹಿಪ್ ಹಾಪ್ ಶಾಲೆಯನ್ನೇ ತೆರೆಯಿತು. ಹಾಸುಗಲ್ಲು, ಒಂದು ಸ್ಪೀಕರ್, ಸುತ್ತ ನಿಂತ ಗೆಳೆಯರು ಇದ್ದರೆ ಸಾಕಾಗುವ ಈ ಕಲೆ ಹತ್ತಡಿ ಕೋಣೆಗಳ ನಗರಕ್ಕೆ ಹೇಳಿಮಾಡಿಸಿದಂತಿತ್ತು.

ಸುತ್ತ ನಿಲ್ಲುವ ಆ ವೃತ್ತಕ್ಕೆ 'ಸೈಫರ್' ಎಂದು ಹೆಸರು, ನನ್ನ ತಿಳಿವಳಿಕೆಯಲ್ಲಿ ಈ ಇಡೀ ವಿಷಯದ ತಿರುಳು ಅಲ್ಲಿದೆ. ಬಾರ್‌ನಲ್ಲಿ, ಸಿನಿಮಾದಲ್ಲಿ ನೋಡುವವನು ಎದುರಿಗೆ ಕುಳಿತಿರುತ್ತಾನೆ, ಅವನು ಕುಣಿಯುವುದಿಲ್ಲ. ಸೈಫರ್‌ನಲ್ಲಿ ನೋಡುವವರೆಲ್ಲರೂ ಮುಂದಿನ ಕ್ಷಣ ನಡುವೆ ಬಂದು ಕುಣಿಯಬೇಕಾದವರು. ಅಂಥ ಕಣ್ಣುಗಳ ಮುಂದೆ ಬಳುಕುವ ಸೊಂಟಕ್ಕೆ ಬೇರೆಯೇ ಅರ್ಥ ಬರುತ್ತದೆ, ಅದರ ಬೆಲೆ ಕಟ್ಟುವವರಿಗೆ ಅದರ ಕಷ್ಟ ಗೊತ್ತಿರುತ್ತದೆ. ಎತ್ತರದ ಹಿಮ್ಮಡಿಯ ಮೇಲೆ ಮಂಡಿ ಬಾಗಿಸಿ ನಿಧಾನವಾಗಿ ನೆಲಕ್ಕೆ ಇಳಿದು, ಕೈ ಊರದೆ ಮತ್ತೆ ಏಳುವುದಕ್ಕೆ ತೊಡೆ ಮತ್ತು ಕಣಕಾಲಿನಲ್ಲಿ ಎಷ್ಟು ಬಲ ಬೇಕೆಂಬುದನ್ನು ಅರೆಮಂಡಿಯಲ್ಲಿ ಹತ್ತು ನಿಮಿಷ ನಿಂತು ನೋಡಿದ ಯಾವ ಭರತನಾಟ್ಯದ ಹುಡುಗಿಯೂ ಹೇಳಬಲ್ಲಳು. ಬೇಲೂರಿನ ಮದನಿಕೆಯರ ಸಾಲಿನಲ್ಲಿ ಕನ್ನಡಿ ಹಿಡಿದವಳೂ ಬೇಟೆಗೆ ಹೊರಟವಳೂ ಒಂದೇ ಬಳುಕಿನಲ್ಲಿ ನಿಂತಿರುವುದು ನೆನಪಾಗುತ್ತದೆ.

ಅಡ್ಡಿಗಳು ಇನ್ನೂ ಇವೆ, ಹೆಚ್ಚಿನವು ತೀರ ಸಣ್ಣವು. ಬಟ್ಟೆ ಬದಲಿಸಲು ಕೋಣೆ ಇಲ್ಲದ ಅಭ್ಯಾಸದ ಜಾಗಗಳು, ರಾತ್ರಿ ಹತ್ತರ ನಂತರವೇ ಬಿಸಿಯೇರುವ ಕಾಳಗಗಳು, ಬಿ-ಗರ್ಲ್‌ಗಳ ಸುತ್ತನ್ನು ಕಾರ್ಯಕ್ರಮದ ಕೊನೆಗೆ ತಳ್ಳುವ ಸಂಘಟಕರು. ನಮ್ಮ ಸಂಘದ ಹುಡುಗಿಯರು ಶನಿವಾರದ ಆ ಒಂದೂವರೆ ಗಂಟೆಗಾಗಿ ಸಮಿತಿಯವರ ಬಳಿ ಮೂರು ತಿಂಗಳು ಅಲೆದರು. ಕೊನೆಗೆ ಅವರ ಪರವಾಗಿ ಮಾತಾಡಿದ್ದು ಯಕ್ಷಗಾನ ಕಲಿಸುವ ಭಾಗವತರು: ಮೊಣಕಾಲಿನಲ್ಲಿ ಗಿರಕಿ ಹೊಡೆಯುವ ಮಂಡಿ ಕುಣಿತ ಕಲಿಯುವ ತನ್ನ ಹುಡುಗರಿಗೆ ಆ ಹುಡುಗಿಯರ ಮೊಣಕಾಲಿನ ಪಟ್ಟಿ ಎಲ್ಲಿ ಸಿಗುತ್ತದೆಂದು ಅವರು ಕೇಳಲು ಬಂದಿದ್ದರು. ಈಗ ಗೋಡೆಯ ಮೊಳೆಗೆ ಎರಡು ತಂಡಗಳ ಪಟ್ಟಿಗಳೂ ಒಟ್ಟಿಗೆ ಒಣಗುತ್ತಿರುತ್ತವೆ.