ಬೆಟ್ಟ ಎಲ್ಲೂ ಹೋಗಲ್ಲ, ಮೊದ್ಲು ಹುಡುಗಿ ಫೋಟೋ ತೆಗೀರಿ

ಮೊನ್ನೆ ಇನ್ನೊಬ್ಬ ಹುಡುಗ ಲ್ಯಾಪ್‌ಟಾಪ್ ಹಿಡ್ಕೊಂಡು ನನ್ನ ಸ್ಟುಡಿಯೋಗೆ ಬಂದ. ಬೆಂಗಳೂರಿನ ಏಜೆನ್ಸಿಯವರು ಹೊಸ ಮಾಡೆಲ್ ಟೆಸ್ಟ್ ಶೂಟ್, ಅಂದ್ರೆ ಕೆಲಸ ಕೇಳುವಾಗ ತೋರ್ಸೋ ಫೋಟೋ ತೆಗೆಯೋ ಕೆಲಸ, ಕೊಟ್ಟಿದ್ರಂತೆ, ಇವನಿಗೆ ಇದೇ ಮೊದಲು. ನೋಡ್ತಾ ಹೋದೆ, ಮುಳ್ಳಯ್ಯನಗಿರಿ, ಮಂಜು, ಮೆಟ್ಲು, ಮತ್ತೆ ಮಂಜು. ಹುಡುಗಿನೂ ಇದ್ದಾಳೆ, ಯಾವ್ದೋ ಮೂಲೇಲಿ ಕೆಂಪು ಗೌನ್ ಹಾಕ್ಕೊಂಡು ಬೆಂಕಿಕಡ್ಡಿ ತರ.

ಇವನೊಬ್ನೇ ಅಲ್ಲ ಬಿಡಿ, ಚಿಕ್ಕಮಗಳೂರಲ್ಲಿ ಕ್ಯಾಮೆರಾ ಹಿಡಿದವ್ರಿಗೆಲ್ಲ ಇದೇ ಕಾಯಿಲೆ, 1930 ಮೀಟರ್ ಬೆಟ್ಟ ಪಕ್ಕದಲ್ಲೇ ಇರುವಾಗ ಬಿಡೋಕೆ ಮನಸ್ಸು ಬರಲ್ಲ. ನನ್ನ ಮೊದಲ ಶೂಟ್‌ನಲ್ಲಿ ನಾನೂ ಬಾಬಾಬುಡನ್‌ಗಿರಿ ಹತ್ತಿಸಿದ್ದೆ. ಏಜೆನ್ಸಿ ಮೇಡಂ ಫೋನ್ ಮಾಡಿ, "ಜಾಗ ತುಂಬಾ ಚೆನ್ನಾಗಿದೆ ಸರ್, ನಮ್ಮ ಹುಡುಗಿ ಯಾವ ಫೋಟೋದಲ್ಲಿದ್ದಾಳೆ?" ಅಂದ್ರು.

ಏಜೆನ್ಸಿಗೆ ಬೆಟ್ಟ ಬೇಡ ಮಾರಾಯ್ರೆ. ಅವ್ರು ಈ ಫೋಟೋ ತೋರ್ಸಿ ಆ ಹುಡುಗಿಗೆ ಕೆಲಸ ಕೇಳ್ಬೇಕು. ಒಡವೆ ಅಂಗಡಿಯವ್ರು ಕತ್ತು ನೋಡ್ತಾರೆ, ಕೈಬೆರಳು ನೋಡ್ತಾರೆ, ಕೂದ್ಲು ಎತ್ತಿ ಕಟ್ಟಿದ್ರೆ ಮುಖ ಹೆಂಗಿರುತ್ತೆ ನೋಡ್ತಾರೆ. ಅದಕ್ಕೆ ಮೊದಲ ಅರ್ಧ ಗಂಟೆ ಪ್ಲೇನ್ ಟೀಶರ್ಟು, ಜೀನ್ಸು, ಮೇಕಪ್ ಇದೆಯೋ ಇಲ್ವೋ ಅನ್ನೋ ಅಷ್ಟು. ಎದುರಿಂದ, ಎರಡೂ ಪಕ್ಕದಿಂದ, ಆಮೇಲೆ ಫುಲ್ ಲೆಂತ್. ಫುಲ್ ಲೆಂತ್‌ಗೆ ಕ್ಯಾಮೆರಾ ಸೊಂಟದ ಮಟ್ಟಕ್ಕೆ ಇಳಿಸಿ, ನಿಮ್ಮ ಕಣ್ಣಿನ ಎತ್ತರದಿಂದ ಕೆಳಮುಖ ಹೊಡೆದ್ರೆ ಕಾಲು ಗಿಡ್ಡ ಆಗುತ್ತೆ. ಬೆಟ್ಟನೂ ಬರ್ಲಿ ಅಂತ 24 ಎಂಎಂ ವೈಡ್ ಲೆನ್ಸ್ ಹಾಕ್ಕೊಂಡು ಮುಖದ ಹತ್ರ ಹೋದ್ರೆ ಮೊದ್ಲು ಮೂಗು ಬರುತ್ತೆ, ಮುಖ ಆಮೇಲೆ. 85 ಇದ್ರೆ ಒಳ್ಳೇದು, ಇಲ್ಲಾಂದ್ರೆ 50 ಹಾಕಿ ಎರಡು ಹೆಜ್ಜೆ ಹಿಂದೆ ನಿಲ್ಲಿ. ಚರ್ಮ ಉಜ್ಜಿ ಉಜ್ಜಿ ಮೇಣದ ಗೊಂಬೆ ಮಾಡ್ಬೇಡಿ, ಮಚ್ಚೆ ಇದ್ರೆ ಇರ್ಲಿ. ಎಲ್ಲಾ ಏಜೆನ್ಸಿನೂ ಒಂದೇ ತರ ಅಂತ ನಾನು ಹೇಳಲ್ಲ, ಏನೇನು ಬೇಕು ಅಂತ ಮೊದಲೇ ಕೇಳಿ ವಾಟ್ಸಾಪಲ್ಲಿ ಹಾಕಿಸ್ಕೊಳ್ಳಿ.

ಹಂಗಂತ ಸಿಲ್ವರ್ ಓಕ್ ಕೆಳಗೆ ಕಾಫಿ ಗಿಡದ ಮಧ್ಯ ನಿಲ್ಲಿಸ್ಬೇಡಿ. ಸುತ್ತ ಎಲೆ, ಮುಖಕ್ಕೆಲ್ಲ ಹಸಿರು ಬಡಿಯುತ್ತೆ, ವೈಟ್ ಬ್ಯಾಲೆನ್ಸ್ ಅಂದ್ರೆ ಬಣ್ಣದ ಸೆಟ್ಟಿಂಗ್ ತಿದ್ದಿದ್ರೂ ಪೂರ್ತಿ ಹೋಗಲ್ಲ. ಹಣ್ಣು ಒಣಗಿಸೋ ಕಾಫಿ ಕಣಕ್ಕೆ ಬನ್ನಿ. ಮೇಲೆ ಬಯಲು ಆಕಾಶ, ಕೆಳಗೆ ಸಿಮೆಂಟು, ಗದ್ದದ ಕೆಳಗಿನ ನೆರಳನ್ನ ನೆಲನೇ ಎತ್ತಿಕೊಡುತ್ತೆ, ರಿಫ್ಲೆಕ್ಟರ್ ಖರ್ಚಿಲ್ಲ. ಮಳೆಗಾಲದಲ್ಲಿ ಪಾಚಿ ಜಾರುತ್ತೆ, ಹುಷಾರು. ಕುಯ್ಲಿನ ಟೈಮಲ್ಲಂತೂ ಕೇಳ್ಲೇಬೇಡಿ, ಹರವಿದ ಹಣ್ಣು ತುಳಿದ್ರೆ ತೋಟದ ಲೆಕ್ಕ ನೋಡೋ ರೈಟರ್ ಓಡಿಸ್ಕೊಂಡು ಬರ್ತಾರೆ.

ಬಟ್ಟೆ ಬದಲಾಯಿಸೋಕೆ ಚಿಲಕ ಇರೋ ಒಂದು ರೂಮು, ಬಿಸಿ ಕಾಫಿ, ಒಂದು ಶಾಲು, ಇಷ್ಟು ನಿಮ್ಮ ಜವಾಬ್ದಾರಿ. ಒಂದ್ಸಲ ಜುಲೈ ತಿಂಗಳಲ್ಲಿ ಮಾಡೆಲ್ ಕಾಲಿಗೆ ಇಂಬಳ (ಜಿಗಣೆ) ಹತ್ತಿತ್ತು, ಕಿರುಚಿದ್ದು ನನ್ನ ಅಸಿಸ್ಟೆಂಟು, ಆಯಮ್ಮ ಪೋಸ್ ಬಿಡ್ಲಿಲ್ಲ, "ಮುಗಿಸಿ ಸರ್, ಆಮೇಲೆ ತೆಗೆಯೋಣ" ಅಂದ್ಳು. ಅಂಥವಳನ್ನ ಬೆಂಕಿಕಡ್ಡಿ ಮಾಡಿ ಕಳಿಸಿದ್ರೆ ಹೊಟ್ಟೆ ಉರಿಯಲ್ವಾ?

ಆ ಹುಡುಗ ಭಾನುವಾರ ಮತ್ತೆ ತೆಗೀತಾನಂತೆ. ಕಣಕ್ಕೆ ರೈಟರ್‌ಗೆ ಫೋನ್ ಮಾಡಿ ಹೇಳಿದೀನಿ. ಇಂಬಳ ಬಿಡಿಸೋಕೆ ಉಪ್ಪಿನ ಪೊಟ್ಟಣ ಅವನೇ ತರ್ಬೇಕು.