ಗೋಧಿ ಬೇರಿಗೆ ಕಾವಲು ಬಂದದ್ದು ಹೇಗೆ?

ಗೋಧಿಯ ಎಳೆ ಪೈರೊಂದನ್ನು ಮೆಲ್ಲಗೆ ಕಿತ್ತು ಕೊಡವಿ ನೋಡಿ. ಮಣ್ಣೆಲ್ಲ ಉದುರಿದರೂ ಬೇರಿಗೆ ತೆಳ್ಳಗೆ ಒಂದಿಷ್ಟು ಅಂಟಿಕೊಂಡೇ ಇರುತ್ತದೆ. ಬೇರುಗೂದಲು ಮತ್ತು ಬೇರು ಸೂಸುವ ಲೋಳೆ ಅದನ್ನು ಹಿಡಿದಿಟ್ಟಿರುತ್ತವೆ. ಬೇರಿನ ಪ್ರಭಾವಕ್ಕೆ ಸಿಕ್ಕ ಮಣ್ಣಿಗೆ 1904ರಲ್ಲಿ ಜರ್ಮನಿಯ ಲೊರೆಂಜ್ ಹಿಲ್ಟ್‌ನರ್ ರೈಜೋಸ್ಫಿಯರ್ ಎಂದು ಹೆಸರಿಟ್ಟರು.

ಅಷ್ಟರಲ್ಲಾಗಲೇ ದ್ವಿದಳ ಬೆಳೆಗಳ ಬೇರುಗಂಟಿನ ಗುಟ್ಟು ಬಯಲಾಗಿತ್ತು. ಅಲ್ಲಿರುವ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಗಿಡಕ್ಕೆ ಒದಗಿಸುತ್ತದೆ. ಗೋಧಿಗೆ ಅಂಥ ಗಂಟಿಲ್ಲ. ಆದರೂ ಅದು ಎಲೆಯಲ್ಲಿ ತಯಾರಾದ ಸಕ್ಕರೆಯಲ್ಲಿ ಒಂದು ಪಾಲನ್ನು ಬೇರಿನಿಂದ ಹೊರಗೆ ಬಿಡುತ್ತದೆ. ಸುಮ್ನೆ ಪೋಲು ಅನ್ನಿಸುತ್ತದೆ, ಅಲ್ವಾ?

ಪೋಲಲ್ಲ ಎಂಬುದಕ್ಕೆ ಒಳ್ಳೆಯ ಸಾಕ್ಷಿ ಕೊಟ್ಟದ್ದು ಒಂದು ರೋಗ. ಹೆಸರು ಟೇಕ್-ಆಲ್, ಅಂದರೆ ಎಲ್ಲವನ್ನೂ ಬಳಿದುಕೊಂಡು ಹೋಗುವುದು. ಶಿಲೀಂಧ್ರವೊಂದು ಬೇರಿಗೆ ನುಗ್ಗುತ್ತದೆ. ಬೇರು ಕಪ್ಪಾಗುತ್ತದೆ, ತೆನೆ ಕಾಳು ಕಟ್ಟದೆ ಬೆಳ್ಳಗೆ ಒಣಗುತ್ತದೆ. ಒಂದೇ ಹೊಲದಲ್ಲಿ ವರ್ಷವರ್ಷವೂ ಗೋಧಿ ಹಾಕಿದರೆ ರೋಗ ಜಾಸ್ತಿಯಾಗಬೇಕು. ಮೊದಲ ಕೆಲವು ವರ್ಷ ಹಾಗೇ ಆಗುತ್ತದೆ. ಆಮೇಲೆ, ಗೋಧಿಯನ್ನೇ ಬಿತ್ತುತ್ತಿದ್ದರೂ, ರೋಗ ತಾನಾಗಿ ಇಳಿಯತೊಡಗುತ್ತದೆ!

ಆ ಮಣ್ಣನ್ನು ಬಿಸಿ ಮಾಡಿದರೆ ರಕ್ಷಣೆ ಮಾಯ. ಅದರಲ್ಲಿ ಒಂದಿಷ್ಟನ್ನು ರೋಗದ ಮಣ್ಣಿಗೆ ಬೆರೆಸಿದರೆ ಅಲ್ಲಿಗೂ ರಕ್ಷಣೆ ಬರುತ್ತದೆ. ಅಂದಮೇಲೆ ಕಾಯುತ್ತಿರುವುದು ಜೀವ ಇರುವಂಥದ್ದೇ. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಜೇಮ್ಸ್ ಕುಕ್, ಡೇವಿಡ್ ವೆಲ್ಲರ್ ಮತ್ತು ಜೊತೆಗಾರರು ಬೆನ್ನುಹತ್ತಿದಾಗ ಸಿಕ್ಕಿದ್ದು ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ. ಇವುಗಳಲ್ಲಿ ಕೆಲವು ಶಿಲೀಂಧ್ರವನ್ನು ತಡೆಯುವ ಆ್ಯಂಟಿಬಯೋಟಿಕ್ ತಯಾರಿಸುತ್ತವೆ. ನನಗೆ ತುಂಬ ಹಿಡಿಸಿದ್ದು 1988ರಲ್ಲಿ ಪ್ರಕಟವಾದ ಪ್ರಯೋಗ. ಫೆನಜೀನ್ ಎಂಬ ಆ್ಯಂಟಿಬಯೋಟಿಕ್ಕನ್ನು ತಯಾರಿಸಲಾಗದಂತೆ ಬ್ಯಾಕ್ಟೀರಿಯಾವನ್ನು ಮಾರ್ಪಡಿಸಿದರು. ಬೇರಿನ ಮೇಲೆ ಅದು ಬೆಳೆಯಿತು, ಆದರೆ ರೋಗ ತಡೆಯುವುದರಲ್ಲಿ ಬಹಳ ಹಿಂದೆ ಬಿತ್ತು. ಆ ವಸ್ತುವನ್ನು ತಯಾರಿಸುವ ಶಕ್ತಿಯನ್ನು ಮರಳಿಸಿದಾಗ ರಕ್ಷಣೆಯೂ ಮರಳಿತು.

ವಿಚಿತ್ರವೆಂದರೆ, ಈ ಕಾವಲಿನ ಪಡೆ ಬೆಳೆಯಲು ರೋಗವೇ ಬೇಕು. ಗಾಯಗೊಂಡ ಬೇರಿನಿಂದ ರಸ ಜಾಸ್ತಿ ಸೋರುತ್ತದೆ, ಬ್ಯಾಕ್ಟೀರಿಯಾಗಳಿಗೆ ಹಬ್ಬ. ಆ ಕೆಟ್ಟ ವರ್ಷಗಳಲ್ಲಿ ಹೊಲ ಇವುಗಳನ್ನು ಸಾಕುತ್ತಿರುತ್ತದೆ. ರೈತನಿಗೆ ಮಾತ್ರ ಇದು ಇಕ್ಕಟ್ಟು. ಅಷ್ಟು ವರ್ಷ ನಷ್ಟ ತಾಳುವುದು ಸುಲಭವಲ್ಲ. ನಡುವೆ ಬೇರೆ ಬೆಳೆ ಹಾಕಿದರೆ ಶಿಲೀಂಧ್ರ ಸೊರಗುತ್ತದೆ, ಕಾವಲೂ ಸಡಿಲವಾಗಬಹುದು. ಬ್ಯಾಕ್ಟೀರಿಯಾವನ್ನು ಬೀಜಕ್ಕೆ ಲೇಪಿಸಿ ಬಿತ್ತುವ ದಾರಿಯೂ ಇದೆ. ಆದರೆ ಮಣ್ಣಿನಲ್ಲಿ ಮೊದಲೇ ಬೀಡುಬಿಟ್ಟಿರುವ ಜೀವಿಗಳು ಹೊಸಬರಿಗೆ ಸುಲಭಕ್ಕೆ ಜಾಗ ಬಿಡುವುದಿಲ್ಲ. ಹಾಗಾಗಿ ಒಂದು ಹೊಲದಲ್ಲಿ ಫಲ ಕೊಟ್ಟದ್ದು ಪಕ್ಕದ ಹೊಲದಲ್ಲಿ ಕೈಕೊಡುವುದುಂಟು.